ಬಿಸಿಯಾದಾಗ ನಿಲ್ಲುವ, ತಣಿದಾಗ ಹೊರಡುವ ಕಾರು: ಕ್ರ್ಯಾಂಕ್ ಸೆನ್ಸರ್ ಪರೀಕ್ಷೆ ಹೇಗೆ?

ಅತ್ತೆಯನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಲು ಬದಿಯಡ್ಕದಿಂದ ಹೊರಟಿದ್ದೆವು. ಕುಂಬಳೆಯಲ್ಲಿ ಹೆದ್ದಾರಿ ಹತ್ತಿ ಉಪ್ಪಳ ದಾಟಿದ್ದಷ್ಟೇ, ಕಾರು ಸುಮ್ನೆ ಆರಿಹೋಯಿತು. ಸದ್ದಿಲ್ಲ, ಹೊಗೆಯಿಲ್ಲ, ಜರ್ಕ್ ಕೂಡ ಇಲ್ಲ. ಫ್ಯಾನಿನ ಸ್ವಿಚ್ ಆಫ್ ಮಾಡಿದ ಹಾಗೆ. ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಸರಿ ಇದೆ, ಟ್ಯಾಂಕಲ್ಲಿ ಪೆಟ್ರೋಲ್ ಇದೆ. ಬೇರೆ ಗಾಡಿಗೆ ಫೋನ್ ಮಾಡಿ ಕಾಯುತ್ತಾ ಕೂತೆವು. ನಲವತ್ತು ನಿಮಿಷ ಕಳೆದ ಮೇಲೆ ಇನ್ನೊಮ್ಮೆ ಕೀ ತಿರುಗಿಸಿದೆ. ಏನೂ ಆಗಿಯೇ ಇಲ್ಲ ಎಂಬಂತೆ ಸ್ಟಾರ್ಟ್ ಆಯಿತು.

ಎರಡು ವಾರದಲ್ಲಿ ಹೀಗೆ ಮೂರು ಸಲ ಆಯಿತು. ಒಂದು ವರ್ಕ್‌ಶಾಪಿನಲ್ಲಿ ಪೆಟ್ರೋಲ್ ಪಂಪ್ ಬದಲಿಸಿದರು. ಮತ್ತೆ ನಿಂತಿತು. ಕೊನೆಗೆ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲೇ ಒಂದು ಮಾತು ಹೇಳಿದರು. "ಮಾಷ್ಟ್ರೇ, ಇನ್ನೊಂದು ಸಲ ನಿಂತಾಗ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಅದು ಅಲುಗಾಡದಿದ್ದರೆ ನನಗೆ ಫೋನ್ ಮಾಡಿ."

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆ ಮುಳ್ಳು ಅಲುಗಾಡಲಿಲ್ಲ. ತಪ್ಪು ಇದ್ದದ್ದು ಹೆಬ್ಬೆರಳಿನಷ್ಟು ದೊಡ್ಡ ಕ್ರ್ಯಾಂಕ್ ಸೆನ್ಸರ್‌ನಲ್ಲಿ.

ಮೊದಲಾದರೆ ಗಾಡಿ ನಿಂತರೆ ರಸ್ತೆ ಬದಿಗೆ ತಳ್ಳಿ ನಿಲ್ಲಿಸುತ್ತಿದ್ದೆವು. ಈಗ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್‌ನಲ್ಲಿ ಹೆದ್ದಾರಿ 66 ಆರು ಪಥದ್ದು. ಹಿಂದಿನಿಂದ ಬರುವ ಗಾಡಿಗಳ ವೇಗ ಜಾಸ್ತಿ. ದೊಡ್ಡ ಕಾಯಿಲೆ ಅಂದರೆ ಕಾಸರಗೋಡಿನ ನಮಗೆಲ್ಲ ಮಂಗಳೂರೇ ಗತಿ, ಅಲ್ವಾ? ಆ ದಾರಿಯಲ್ಲಿ ಗಾಡಿ ಯಾಕೆ ಹೀಗೆ ಆರುತ್ತದೆ ಎಂದು ಗೊತ್ತಿರುವುದು ಒಳ್ಳೆಯದು. ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

ಕ್ರ್ಯಾಂಕ್ ಅಂದರೆ ಏನು?

ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ ನೋಡಿರುತ್ತೀರಿ. ಪಾದ ಮೇಲೆ ಕೆಳಗೆ ಆಡುತ್ತದೆ. ಒಂದು ಉದ್ದ ಕಡ್ಡಿ ಆ ಆಟವನ್ನು ಚಕ್ರದ ತಿರುಗುವಿಕೆಯಾಗಿ ಬದಲಿಸುತ್ತದೆ. ಎಂಜಿನ್‌ನಲ್ಲೂ ಇದೇ ನಡೆಯುವುದು. ಪಾದದ ಜಾಗದಲ್ಲಿ ಪಿಸ್ಟನ್, ಕಡ್ಡಿಯ ಜಾಗದಲ್ಲಿ ಕನೆಕ್ಟಿಂಗ್ ರಾಡ್. ಕೆಳಗೆ ತಿರುಗುವ ಡೊಂಕು ಡೊಂಕಾದ ಉಕ್ಕಿನ ದಂಡವೇ ಕ್ರ್ಯಾಂಕ್ ಶಾಫ್ಟ್. ಚಕ್ರಕ್ಕೆ ಹೋಗುವ ಶಕ್ತಿಯೆಲ್ಲ ಇದರಿಂದಲೇ ಹೊರಡುತ್ತದೆ.

ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟಲು ಇನ್ನೂ ಸ್ವಲ್ಪ ಇರುವಾಗಲೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು. ಮಗುವನ್ನು ಉಯ್ಯಾಲೆಯಲ್ಲಿ ತೂಗುವುದನ್ನು ನೆನೆಯಿರಿ. ಉಯ್ಯಾಲೆ ನಮ್ಮ ಕಡೆ ಬಂದು ತಿರುಗುವ ಹೊತ್ತಿಗೆ ದೂಡಿದರೆ ಮೇಲೆ ಹೋಗುತ್ತದೆ. ತೀರಾ ಬೇಗ ದೂಡಿದರೆ ಕೈಗೆ ಪೆಟ್ಟು. ಕಿಡಿಯ ಲೆಕ್ಕವೂ ಹಾಗೆಯೇ. ಅದಕ್ಕಾಗಿ ಕ್ರ್ಯಾಂಕ್ ಈ ಗಳಿಗೆಯಲ್ಲಿ ಎಷ್ಟು ತಿರುಗಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದು ಪ್ರತಿ ಕ್ಷಣವೂ ಗೊತ್ತಿರಬೇಕು.

ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಇದನ್ನು ಡಿಸ್ಟ್ರಿಬ್ಯೂಟರ್ ನೋಡಿಕೊಳ್ಳುತ್ತಿತ್ತು. ನಮ್ಮ ಗುಡ್ಡದ ದಾರಿಗಳಲ್ಲಿ ಓಡುತ್ತಿದ್ದ ಹಳೆಯ ಡೀಸೆಲ್ ಜೀಪುಗಳಲ್ಲಿ ಗಿಯರಿಗೆ ಜೋಡಿಸಿದ ಪಂಪ್ ತಾನೇ ಹೊತ್ತಿಗೆ ಸರಿಯಾಗಿ ಡೀಸೆಲ್ ಚಿಮ್ಮಿಸುತ್ತಿತ್ತು. ಈಗಿನ ಪೆಟ್ರೋಲ್ ಗಾಡಿಯಲ್ಲೂ ಡೀಸೆಲ್ ಗಾಡಿಯಲ್ಲೂ ಈ ಲೆಕ್ಕವನ್ನು ಎಂಜಿನ್ ಕಂಪ್ಯೂಟರ್ ಮಾಡುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಇಸಿಎಂ ಅಥವಾ ಇಸಿಯು ಅನ್ನುತ್ತಾರೆ. ಅದಕ್ಕೆ ಕಣ್ಣಿಲ್ಲ. ಎಂಜಿನ್ ಒಳಗಿನ ತಿರುಗಾಟವನ್ನು ಅದಕ್ಕೆ ತಿಳಿಸುವುದು ಕ್ರ್ಯಾಂಕ್ ಪೊಸಿಷನ್ ಸೆನ್ಸರ್.

ಗೇಟಿನ ಸರಳು, ಮಗುವಿನ ಕೋಲು

ಶಾಲೆ ಬಿಟ್ಟು ಬರುವ ಮಗು ಗೇಟಿನ ಕಬ್ಬಿಣದ ಸರಳುಗಳ ಮೇಲೆ ಕೋಲು ಎಳೆಯುತ್ತಾ ಓಡುತ್ತದೆ. ಟಕಟಕಟಕ ಸದ್ದು. ಜೋರಾಗಿ ಓಡಿದರೆ ಸದ್ದು ಹತ್ತಿರ ಹತ್ತಿರ, ನಿಧಾನ ನಡೆದರೆ ದೂರ ದೂರ. ಒಂದು ಕಡೆ ಎರಡು ಸರಳು ಮುರಿದು ಹೋಗಿದ್ದರೆ ಅಲ್ಲಿ ಸದ್ದು ತಪ್ಪುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಮಗು ಗೇಟಿನ ಯಾವ ಜಾಗದಲ್ಲಿದೆ ಎಂದು ಹೇಳಬಹುದು.

ಕ್ರ್ಯಾಂಕ್ ಜೊತೆಗೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ತುಂಬ ಕಾರುಗಳಲ್ಲಿ ಅದರಲ್ಲಿ 60 ಹಲ್ಲಿಗೆ ಜಾಗ ಇರುತ್ತದೆ, ಆದರೆ ಇರುವುದು 58 ಮಾತ್ರ. ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಂದು ಹಲ್ಲು ದಾಟಿತು ಅಂದರೆ ಕ್ರ್ಯಾಂಕ್ 6 ಡಿಗ್ರಿ ತಿರುಗಿತು ಎಂದು ಲೆಕ್ಕ. ಖಾಲಿ ಜಾಗ ಬಂದಾಗ "ಇದು ಗುರುತಿನ ಜಾಗ, ಇಲ್ಲಿಂದ ಎಣಿಸು" ಎಂದು ಅರ್ಥ. ಬೇರೆ ಕಾರುಗಳಲ್ಲಿ 36 ಜಾಗ ಇದ್ದು ಒಂದು ಹಲ್ಲು ಇಲ್ಲದ ಚಕ್ರವೂ ಉಂಟು. ತತ್ವ ಒಂದೇ.

ಎಂಜಿನ್ 3000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಸುತ್ತಿಗೆ 58 ಹಲ್ಲು ಅಂದರೆ ಸೆಕೆಂಡಿಗೆ 2900 ಟಿಕ್. ಇಷ್ಟನ್ನೂ ಮುಟ್ಟದೆ, ತಾಗದೆ, ಬರೀ ಒಂದು ಮಿಲಿಮೀಟರಿನ ಆಸುಪಾಸಿನ ದೂರದಿಂದ ಆ ಸಣ್ಣ ಸೆನ್ಸರ್ ಓದುತ್ತದೆ. ನನಗಂತೂ ಇದು ದೊಡ್ಡ ಅಚ್ಚರಿ.

ಓದುವ ರೀತಿ ಎರಡು. ಮೊದಲನೆಯದು ಅಯಸ್ಕಾಂತ ಮತ್ತು ಅದರ ಸುತ್ತ ಕೂದಲಿಗಿಂತ ತೆಳು ತಾಮ್ರದ ತಂತಿಯ ಸುರುಳಿ. ಕಬ್ಬಿಣದ ಹಲ್ಲು ಎದುರಿಗೆ ಹಾದುಹೋದಾಗ ಸುರುಳಿಯಲ್ಲಿ ತಾನಾಗಿ ಒಂದಿಷ್ಟು ಕರೆಂಟು ಹುಟ್ಟುತ್ತದೆ. ಇದಕ್ಕೆ ಮುಖ್ಯ ವಯರು ಎರಡೇ. ಕೆಲವಕ್ಕೆ ಸಿಗ್ನಲ್ ಕೆಡದ ಹಾಗೆ ಕಾಯಲು ಮೂರನೆಯ ಹೊದಿಕೆ ವಯರು ಇರುತ್ತದೆ. ಎರಡನೆಯದು ಹಾಲ್ ಸೆನ್ಸರ್. ಇದರೊಳಗೆ ಸಣ್ಣ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ. ಅದಕ್ಕೆ ಹೊರಗಿನಿಂದ 5 ಅಥವಾ 12 ವೋಲ್ಟ್ ಕೊಡಬೇಕು. ಹಾಗಾಗಿ ವಯರು ಮೂರು: ಕರೆಂಟು, ಅರ್ತ್, ಸಿಗ್ನಲ್. ಪರೀಕ್ಷೆ ಮಾಡುವಾಗ ಈ ವ್ಯತ್ಯಾಸ ತುಂಬ ಮುಖ್ಯ. ಮುಂದೆ ಹೇಳುತ್ತೇನೆ.

ಬೈಕಿನ ಮೆಕ್ಯಾನಿಕ್‌ಗಳು ಪಲ್ಸರ್ ಕಾಯಿಲ್ ಅನ್ನುತ್ತಾರಲ್ಲ, ಅದೂ ಇದೇ ಕುಟುಂಬದ್ದು.

ಇನ್ನೊಂದು ಸೆನ್ಸರಿನ ಹೆಸರೂ ಕೇಳಿರಬಹುದು, ಕ್ಯಾಮ್ ಸೆನ್ಸರ್. ನಾಲ್ಕು ಸ್ಟ್ರೋಕಿನ ಎಂಜಿನ್ ಒಂದು ಕೆಲಸ ಮುಗಿಸಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಪಿಸ್ಟನ್ ಮೇಲೆ ಬಂದದ್ದು ಗ್ಯಾಸನ್ನು ಒತ್ತಲಿಕ್ಕೋ, ಹೊಗೆ ಹೊರಹಾಕಲಿಕ್ಕೋ ಎಂಬುದು ಕ್ರ್ಯಾಂಕ್ ಸೆನ್ಸರಿಗೆ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಕ್ಯಾಮ್ ಸೆನ್ಸರ್. ಎರಡನ್ನೂ ಒಂದೇ ಎಂದು ತಿಳಿದು ತಪ್ಪು ಸಾಮಾನು ತರುವವರು ಇದ್ದಾರೆ.

ಸೆನ್ಸರ್ ಕೆಟ್ಟರೆ ಪಂಪ್ ಯಾಕೆ ನಿಲ್ಲುತ್ತದೆ?

ನನ್ನ ದುಡ್ಡು ಹೋದದ್ದು ಇಲ್ಲೇ. ನಿಮ್ಮದು ಹೋಗಬಾರದು.

ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ಗುಂಯ್ ಎಂಬ ಸದ್ದು ಬರುತ್ತದೆ. ಅದು ಪೆಟ್ರೋಲ್ ಪಂಪ್. ಲೈನಿನಲ್ಲಿ ಒತ್ತಡ ತುಂಬಿಸಿ ಸುಮ್ಮನಾಗುತ್ತದೆ. ಮತ್ತೆ ಓಡಬೇಕಾದರೆ "ಎಂಜಿನ್ ತಿರುಗುತ್ತಿದೆ" ಎಂಬ ಸುದ್ದಿ ಕಂಪ್ಯೂಟರಿಗೆ ಸಿಗಬೇಕು. ಸುದ್ದಿ ಕೊಡುವುದು ಕ್ರ್ಯಾಂಕ್ ಸೆನ್ಸರ್. ಅಪಘಾತವಾಗಿ ಎಂಜಿನ್ ನಿಂತರೆ ಪೆಟ್ರೋಲ್ ಚಿಮ್ಮುತ್ತಲೇ ಇರಬಾರದು ಎಂಬುದಕ್ಕೆ ಈ ಏರ್ಪಾಡು.

ಸೆನ್ಸರ್ ಸುಮ್ಮನಾದರೆ ಹೆಚ್ಚಿನ ಗಾಡಿಗಳಲ್ಲಿ ಕಂಪ್ಯೂಟರ್ ಪಂಪನ್ನು ನಿಲ್ಲಿಸುತ್ತದೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮುಚ್ಚುತ್ತದೆ, ಕಿಡಿಯನ್ನೂ ನಿಲ್ಲಿಸುತ್ತದೆ. ಆಗ ಯಾರಾದರೂ ಪರೀಕ್ಷಿಸಿದರೆ ಪಂಪ್ ಓಡುವುದಿಲ್ಲ. "ಪಂಪ್ ಹೋಗಿದೆ" ಅನ್ನುತ್ತಾರೆ. ಪಂಪ್ ಸರಿಯಾಗಿಯೇ ಇದೆ, ಅದಕ್ಕೆ ಅಪ್ಪಣೆ ಬಂದಿಲ್ಲ ಅಷ್ಟೆ. ಒಂದು ಸುಲಭದ ಗುರುತು ಇಟ್ಟುಕೊಳ್ಳಿ: ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ, ಎರಡೂ ಒಟ್ಟಿಗೆ ಹೋಗಿವೆ ಎಂದಾದರೆ ಪಂಪಿಗಿಂತ ಮೊದಲು ಕ್ರ್ಯಾಂಕ್ ಸೆನ್ಸರ್ ನೋಡಿ. ಇಂಥ ಗಾಡಿಯನ್ನು ನಾಲ್ಕು ಜನ ಸೇರಿ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ.

ಪೂರ್ತಿ ಕೆಡುವ ಮೊದಲು ಬೇರೆ ಲಕ್ಷಣಗಳೂ ಬರಬಹುದು. ಮಿಸ್ಸಿಂಗ್ ಹೊಡೆಯುವುದು, ಓಡುತ್ತಿರುವಾಗ ಆರ್‌ಪಿಎಂ ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಏಳುವುದು, ಚೆಕ್ ಎಂಜಿನ್ ದೀಪ ಉರಿಯುವುದು, ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ಸೆಲ್ಫ್ ಬೇಕಾಗುವುದು.

ಓಡುತ್ತಿರುವಾಗ ಆರಿದರೆ

ಗಾಬರಿ ಬೇಡ. ಕೀ ಪೂರ್ತಿ ಆಫ್ ಮಾಡಿ ಎಳೆಯಬೇಡಿ, ಸ್ಟಿಯರಿಂಗ್ ಲಾಕ್ ಆಗಬಹುದು. ಎಂಜಿನ್ ಇಲ್ಲದಾಗ ಸ್ಟಿಯರಿಂಗ್ ಭಾರವಾಗಬಹುದು, ಆದರೂ ತಿರುಗುತ್ತದೆ. ಬ್ರೇಕಿನ ಬೂಸ್ಟರ್‌ನಲ್ಲಿ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಆದ್ದರಿಂದ ಮತ್ತೆ ಮತ್ತೆ ಒತ್ತಿ ಬಿಡದೆ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹಜಾರ್ಡ್ ದೀಪ ಹಾಕಿ, ವೇಗ ಉಳಿದಿರುವಾಗಲೇ ಎಡಕ್ಕೆ ತನ್ನಿ. ಒಳಗಿರುವವರು ಎಡಬದಿಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಲಿ.

ಬಿಸಿಗೆ ಕೆಡುವುದು ಯಾಕೆ?

ಸುರುಳಿಯ ತಂತಿ ತುಂಬ ತೆಳು. ಅದನ್ನು ಪ್ಲಾಸ್ಟಿಕ್‌ನೊಳಗೆ ಹುದುಗಿಸಿರುತ್ತಾರೆ. ದಿನಾ ಬಿಸಿಯಾಗಿ ಹಿಗ್ಗುವುದು, ತಣಿದು ಕುಗ್ಗುವುದು. ವರ್ಷಗಟ್ಟಲೆ ಹೀಗೆ ಆದ ಮೇಲೆ ಎಲ್ಲೋ ಒಂದು ಕಡೆ ತಂತಿ ಬಿರುಕು ಬಿಡುತ್ತದೆ. ತಣ್ಣಗಿರುವಾಗ ಎರಡು ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಕರೆಂಟು ಹರಿಯುತ್ತದೆ. ಬಿಸಿಯಾದಾಗ ದೂರ ಸರಿಯುತ್ತವೆ. ಎಂಜಿನ್ ಆರುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ತಾಗುತ್ತವೆ. ಹಾಲ್ ಸೆನ್ಸರಿನ ಚಿಪ್‌ಗೂ ಬೆಸುಗೆಗಳಿಗೂ ಇಂಥದ್ದೇ ಗತಿ.

ವರ್ಕ್‌ಶಾಪ್ ತಲುಪುವ ಹೊತ್ತಿಗೆ ಗಾಡಿ ತಣಿದಿರುತ್ತದೆ. ಅಳೆದರೆ ಎಲ್ಲ ಸರಿ. ಈ ತೊಂದರೆ ಕೈಗೆ ಸಿಗದಿರುವುದು ಅದಕ್ಕೇ.

ಸೆನ್ಸರೇ ಕೆಟ್ಟಿರಬೇಕು ಎಂದೂ ಇಲ್ಲ. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿ ಬರುತ್ತವೆ, ವಯರು ಕಚ್ಚುತ್ತವೆ. ಕಡಲ ಬದಿಯ ಉಪ್ಪುಗಾಳಿಗೆ ವಯರು ಜೋಡಿಸುವ ಕಪ್ಲರಿನ ಪಿನ್ನುಗಳು ಹಸಿರುಗಟ್ಟುತ್ತವೆ. ಕೆಲವು ಸಲ ಸೆನ್ಸರಿನ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿ ಗಡ್ಡ ಬೆಳೆದಂತೆ ಇರುತ್ತದೆ. ಗಿಯರ್‌ಬಾಕ್ಸ್ ಇಳಿಸಿ ಕ್ಲಚ್ ಹಾಕಿಸಿದ ಮರುವಾರವೇ ತೊಂದರೆ ಶುರುವಾಗಿದ್ದರೆ, ಆ ಕೆಲಸದಲ್ಲಿ ಸೆನ್ಸರಿಗೋ ವಯರಿಗೋ ಪೆಟ್ಟು ಬಿದ್ದಿರುವ ಸಾಧ್ಯತೆ ಇದೆ.

ಎಲ್ಲಿರುತ್ತದೆ?

ಎಲ್ಲ ಕಾರಿನಲ್ಲೂ ಒಂದೇ ಕಡೆ ಇರುವುದಿಲ್ಲ. ಹುಡುಕಬೇಕಾದ ಜಾಗ ಮೂರು. ಒಂದು, ಬೆಲ್ಟ್ ಓಡುವ ಬದಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ದೊಡ್ಡ ಪುಲ್ಲಿಯ ಪಕ್ಕ. ಎರಡು, ಇನ್ನೊಂದು ಬದಿಯಲ್ಲಿ, ಎಂಜಿನ್ ಮತ್ತು ಗಿಯರ್‌ಬಾಕ್ಸ್ ಕೂಡುವಲ್ಲಿ, ಕ್ರ್ಯಾಂಕಿನ ತುದಿಯ ಭಾರದ ಚಕ್ರದ (ಫ್ಲೈವೀಲ್) ಕಡೆಗೆ ಮುಖ ಮಾಡಿ. ಮೂರು, ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಕೆಳಗೆ. ಕೆಲವು ಗಾಡಿಗಳಲ್ಲಿ ಇದು ಸ್ಟಾರ್ಟರ್ ಮೋಟಾರಿನ ಹಿಂದೆ ಅಡಗಿರುತ್ತದೆ.

ಕಪ್ಪು ಪ್ಲಾಸ್ಟಿಕ್, ಒಂದೇ ಬೋಲ್ಟು, ತಲೆಗೆ ಎರಡು ಅಥವಾ ಮೂರು ವಯರಿನ ಕಪ್ಲರ್. ಇದೇ ಗುರುತು. ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್‌ನ ಚಿತ್ರ ಸಿಕ್ಕಿದರೆ ಅರ್ಧ ಗಂಟೆಯ ಹುಡುಕಾಟ ಉಳಿಯುತ್ತದೆ.

ಬದಲಿಸುವ ಮೊದಲು ಅಳೆಯಿರಿ

ಮೊದಲ ಪರೀಕ್ಷೆಗೆ ದುಡ್ಡು ಬೇಡ. ಗಾಡಿ ನಿಂತಾಗ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಸಾಮಾನ್ಯವಾಗಿ ಅದು 200ರ ಹತ್ತಿರ ಸಣ್ಣಗೆ ಏಳಬೇಕು. ಸೊನ್ನೆಯಲ್ಲೇ ಸತ್ತಂತೆ ಬಿದ್ದಿದ್ದರೆ ಸಂಶಯ ಗಟ್ಟಿ. ಕೆಲವು ಕಾರಿನ ಮೀಟರು ಸೆಲ್ಫ್ ಹೊತ್ತಿನ ವೇಗವನ್ನು ತೋರಿಸುವುದೇ ಇಲ್ಲ. ಅಲ್ಲಿ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಬೇಕು.

ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರೆ ಕೋಡ್ ಸಿಗುತ್ತದೆ. ಪಿ 0335 ಅಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ದೋಷ. ಪಿ 0336 ಅಂದರೆ ಸಿಗ್ನಲ್ ಬರುತ್ತಿದೆ, ಆದರೆ ಲೆಕ್ಕಕ್ಕೆ ಕೂಡುತ್ತಿಲ್ಲ. ಪಿ 0339 ಅಂದರೆ ಬಂದು ಹೋಗಿ ಮಾಡುತ್ತಿದೆ. ಪಿ 0340 ಬಂದರೆ ಅದು ಕ್ಯಾಮ್ ಸೆನ್ಸರಿನ ಕಡೆಯದು. ಗಮನಿಸಿ, ಕೋಡ್ ಹೇಳುವುದು "ಈ ದಾರಿಯಲ್ಲಿ ತೊಂದರೆ" ಎಂದಷ್ಟೇ. ಸೆನ್ಸರ್ ಕೆಟ್ಟಿದೆ ಎಂದಲ್ಲ. ವಯರು, ಕಪ್ಲರ್, ಹಲ್ಲಿನ ಚಕ್ರ ಎಲ್ಲವೂ ಆ ದಾರಿಯಲ್ಲೇ ಇವೆ. ಕೋಡ್ ಇಲ್ಲದೆಯೂ ಸೆನ್ಸರ್ ಕೆಟ್ಟಿರಬಹುದು.

ಮಲ್ಟಿಮೀಟರ್ ಇದ್ದರೆ ಮುಂದಿನ ಹೆಜ್ಜೆ. ಎರಡು ವಯರಿನ ಸೆನ್ಸರ್ ಆದರೆ ಕಪ್ಲರ್ ಬಿಚ್ಚಿ, ಸೆನ್ಸರಿನ ಎರಡು ಪಿನ್ನುಗಳ ನಡುವೆ ಓಮ್, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ಅಳೆಯಿರಿ. ತುಂಬ ಕಾರುಗಳಲ್ಲಿ ಇದು ಕೆಲವು ನೂರರಿಂದ ಒಂದೂವರೆ ಸಾವಿರ ಓಮ್‌ನೊಳಗೆ ಇರುತ್ತದೆ. ಸರಿಯಾದ ಸಂಖ್ಯೆ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಸೊನ್ನೆ ಬಂದರೂ ತಪ್ಪು, ಏನೂ ಬರದಿದ್ದರೂ ತಪ್ಪು. ಪಿನ್ನು ಮತ್ತು ಎಂಜಿನ್ ಬಾಡಿಯ ನಡುವೆ ಅಳೆದರೆ ಏನೂ ತೋರಿಸಬಾರದು.

ಮೂರು ವಯರಿನ ಹಾಲ್ ಸೆನ್ಸರಿಗೆ ಹೀಗೆ ಓಮ್ ಅಳೆಯಬೇಡಿ. ಅರ್ಥವಿಲ್ಲ, ಚಿಪ್‌ಗೂ ಒಳ್ಳೆಯದಲ್ಲ. ಮೂರು ವಯರು ಕಂಡ ಮಾತ್ರಕ್ಕೆ ಹಾಲ್ ಎಂದು ತೀರ್ಮಾನಿಸಲೂಬೇಡಿ, ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಹಾಲ್ ಆದರೆ ಕೀ ಆನ್ ಮಾಡಿ, ಗಾಡಿಯ ಕಡೆಯ ಕಪ್ಲರಿನಲ್ಲಿ 5 ಅಥವಾ 12 ವೋಲ್ಟ್ ಬರುತ್ತಿದೆಯೇ ನೋಡಿ. ಅರ್ತ್ ಸರಿ ಇದೆಯೇ ನೋಡಿ. ಆಮೇಲೆ ಕಪ್ಲರ್ ಹಾಕಿ, ಸಿಗ್ನಲ್ ವಯರಿನ ಹಿಂಬದಿಯಿಂದ ಮೀಟರಿನ ಕಡ್ಡಿ ತಾಗಿಸಿ, ಕ್ರ್ಯಾಂಕ್ ಪುಲ್ಲಿಯನ್ನು ಪಾನದಿಂದ ಮೆಲ್ಲ ತಿರುಗಿಸಿ. ವೋಲ್ಟ್ ಮೇಲೆ ಕೆಳಗೆ ಹಾರಬೇಕು. ಸೂಜಿಯಿಂದ ವಯರಿನ ಹೊದಿಕೆ ಚುಚ್ಚಿ ಅಳೆಯುವವರಿದ್ದಾರೆ. ನಮ್ಮ ಮಳೆಗಾಲದಲ್ಲಿ ಆ ತೂತಿನೊಳಗೆ ನೀರು ಹೋಗಿ ಹೊಸ ತೊಂದರೆ ಹುಟ್ಟುತ್ತದೆ, ದಯವಿಟ್ಟು ಬೇಡ.

ನನ್ನ ಕಾರಿನದು ಎರಡು ವಯರಿನದ್ದು. ಬಿಚ್ಚಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಅಳೆದೆವು. ತಣ್ಣಗಿರುವಾಗ 870 ಓಮ್. ಏನೂ ತಪ್ಪಿಲ್ಲ. ಮೆಕ್ಯಾನಿಕ್ ಅದರ ಮೂತಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ, ನೀರು ತಾಗದ ಹಾಗೆ ಮಾಡಿ, ಕುದಿಯುವ ನೀರಿನ ಚೆಂಬಿನೊಳಗೆ ಇಳಿಸಿದರು. ಪಿನ್ನುಗಳಿಗೆ ಮೀಟರಿನ ಕ್ಲಿಪ್ಪು ಕಚ್ಚಿಸಿದ್ದರು. ಅಂಕೆ ಮೆಲ್ಲ ಏರಿತು. 900, 940, 1000. "ಇದು ಸಹಜ. ತಾಮ್ರ ಬಿಸಿಯಾದರೆ ಓಮ್ ಏರುತ್ತದೆ" ಅಂದರು. 1040 ಕಂಡಿತು. ಮರುಕ್ಷಣ ಪರದೆಯ ಎಡ ಅಂಚಿನಲ್ಲಿ ಒಂಟಿ 1 ಮಾತ್ರ ಉಳಿಯಿತು. ಆ ಮೀಟರಿನಲ್ಲಿ ಅದರ ಅರ್ಥ, ದಾರಿ ತುಂಡಾಗಿದೆ. ನೀರಿನಿಂದ ತೆಗೆದು ಫ್ಯಾನ್ ಕೆಳಗೆ ಇಟ್ಟೆವು. ಹತ್ತು ನಿಮಿಷದಲ್ಲಿ ಅಂಕೆ ಮರಳಿ ಬಂತು. ಹೆದ್ದಾರಿಯಲ್ಲಿ ಮೂರು ಸಲ ಆದದ್ದು ಚೆಂಬಿನಲ್ಲಿ ಕಣ್ಣೆದುರೇ ಆಯಿತು.

ಬಿಚ್ಚುವುದು, ಕೂರಿಸುವುದು

ಎಂಜಿನ್ ಪೂರ್ತಿ ತಣಿಯಲಿ. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಕೆಳಗೆ ಹೋಗಬೇಕಾದರೆ ಬರೀ ಜಾಕಿಯನ್ನು ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ನಮ್ಮ ಕೆಂಪು ಮಣ್ಣಿನ ಅಂಗಳದಲ್ಲಿ ಜಾಕಿ ಹೂತುಹೋಗುತ್ತದೆ, ಕೆಳಗೆ ಹಲಗೆ ಇಡಿ. ಬ್ಯಾಟರಿಯ ನೆಗೆಟಿವ್ ವಯರು ತೆಗೆಯಿರಿ.

ಕಪ್ಲರಿನ ಲಾಕ್ ಒತ್ತಿ ಎಳೆಯಿರಿ. ವಯರು ಹಿಡಿದು ಎಳೆಯಬಾರದು. ಬೋಲ್ಟು ಸಾಮಾನ್ಯವಾಗಿ 10ರ ಪಾನದ್ದು. ಅದು ಬಂದ ಮೇಲೂ ಸೆನ್ಸರ್ ಬರದಿರಬಹುದು, ವರ್ಷಗಳ ಎಣ್ಣೆ ಮಣ್ಣು ಸೇರಿ ಹಿಡಿದಿರುತ್ತದೆ. ಎಡಕ್ಕೆ ಬಲಕ್ಕೆ ತಿರುಚುತ್ತಾ ಸಡಿಲಿಸಿ. ಸ್ಕ್ರೂಡ್ರೈವರ್‌ನಿಂದ ಎಬ್ಬಿದರೆ ಪ್ಲಾಸ್ಟಿಕ್ ಮುರಿದು ತುಂಡು ಒಳಗೇ ಉಳಿಯುತ್ತದೆ. ಆಮೇಲೆ ಅದನ್ನು ತೆಗೆಯುವುದು ದೊಡ್ಡ ಕೆಲಸ.

ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಉದ್ದ, ಪಿನ್ನು, ಬೋಲ್ಟಿನ ಕಿವಿ ಎಲ್ಲ ಒಂದೇ ಇರಬೇಕು. ಪಾರ್ಟ್ ನಂಬರ್ ತಾಳೆಯಾಗಬೇಕು. ಎರಡು ಮಿಲಿಮೀಟರ್ ಉದ್ದ ಜಾಸ್ತಿಯಾದರೆ ಹಲ್ಲಿಗೆ ತಾಗಿ ಪುಡಿಯಾಗುತ್ತದೆ, ಕಡಿಮೆಯಾದರೆ ಸಿಗ್ನಲ್ ಸಿಗುವುದಿಲ್ಲ. ತೀರಾ ಅಗ್ಗದ ಡೂಪ್ಲಿಕೇಟ್ ಬೇಡವೆಂದೇ ನನ್ನ ಅಭಿಪ್ರಾಯ. ಒಂದು ದಿನ ತಡವಾದರೂ ಸರಿ, ಮಂಗಳೂರಿನಿಂದ ಒರಿಜಿನಲ್ ತರಿಸಿ.

ತೂತಿನ ಬಾಯಿ ಒರೆಸಿ. ರಬ್ಬರಿನ ಓ ರಿಂಗಿಗೆ ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ. ಕೈಯಿಂದ ಒತ್ತಿ ಕೂರಿಸಿ, ಸುತ್ತಿಗೆ ಮುಟ್ಟಲೇಬೇಡಿ. ಬೋಲ್ಟನ್ನು ಮೊದಲು ಬೆರಳಿನಿಂದ, ಆಮೇಲೆ ಪಾನದಿಂದ ಸ್ವಲ್ಪ. ಸಣ್ಣ ಬೋಲ್ಟು ಅದು, ಬಲ ಹಾಕಿದರೆ ತುಂಡಾಗುತ್ತದೆ. ವಯರು ಮೊದಲು ಇದ್ದ ಕ್ಲಿಪ್ಪಿನಲ್ಲೇ ಕೂರಲಿ, ಸೈಲೆನ್ಸರ್ ಪೈಪಿಗೆ ತಾಗಬಾರದು. ಸ್ಕ್ಯಾನರ್‌ನಿಂದ ಹಳೆಯ ಕೋಡ್ ಅಳಿಸಿ. ಕೆಲವು ಕಾರುಗಳಲ್ಲಿ ಹೊಸ ಸೆನ್ಸರನ್ನು ಕಂಪ್ಯೂಟರಿಗೆ ಪರಿಚಯಿಸುವ ಒಂದು ಕ್ರಮ ಇದೆ. ಅದನ್ನು ಸ್ಕ್ಯಾನರ್ ಇರುವವರೇ ಮಾಡಬೇಕು.

ಮನೆಯ ಅಂಗಳದಲ್ಲಿ ಒಮ್ಮೆ ಸ್ಟಾರ್ಟ್ ಆದರೆ ಕೆಲಸ ಮುಗಿಯಲಿಲ್ಲ. ಬಿಸಿಯಾದಾಗ ತಾನೇ ತೊಂದರೆ ಇದ್ದದ್ದು? ನಾವು ಪೆರ್ಲದವರೆಗೆ ಎಸಿ ಹಾಕಿಕೊಂಡು ಹೋಗಿ ಬಂದೆವು. ಬಂದ ಮೇಲೆ ಇಪ್ಪತ್ತು ನಿಮಿಷ ಅಂಗಳದಲ್ಲೇ ಓಡಲು ಬಿಟ್ಟೆವು. ಬಿಸಿ ಇರುವಾಗಲೇ ಮೂರು ಸಲ ಆಫ್ ಮಾಡಿ ಸ್ಟಾರ್ಟ್ ಮಾಡಿದೆವು. ಮೂರು ಸಲವೂ ಮುಳ್ಳು ಮೊದಲು ಸಣ್ಣಗೆ ಎದ್ದಿತು, ಮರುಕ್ಷಣ ಎಂಜಿನ್ ಹಿಡಿಯಿತು.

ಇಷ್ಟಾದ ಮೇಲೂ ಪಿ 0335 ಮರಳಿ ಬಂದರೆ ಇನ್ನೊಂದು ಸೆನ್ಸರ್ ಕೊಳ್ಳಬೇಡಿ. ಸೆನ್ಸರಿನಿಂದ ಕಂಪ್ಯೂಟರಿನವರೆಗಿನ ವಯರನ್ನು ಒಂದೊಂದು ಗೇಣು ಬೆರಳಾಡಿಸುತ್ತಾ ನೋಡುತ್ತಾ ಹೋಗಿ. ಎಂಜಿನ್ ಓಡುತ್ತಿರುವಾಗ ಬೆಲ್ಟು, ಫ್ಯಾನಿನಿಂದ ದೂರ ನಿಂತು ವಯರಿನ ಕಟ್ಟನ್ನು ಮೆಲ್ಲ ಅಲುಗಾಡಿಸಿ. ಯಾವ ಜಾಗದಲ್ಲಿ ಎಂಜಿನ್ ತಡವರಿಸುತ್ತದೋ ಅಲ್ಲಿ ಟೇಪ್ ಬಿಚ್ಚಿ. ಇಲಿಯ ಹಲ್ಲಿನ ಗುರುತು ಸಾಮಾನ್ಯವಾಗಿ ಕೆಳಬದಿಗೆ, ಮೇಲಿನಿಂದ ನೋಡಿದರೆ ಕಾಣದ ಕಡೆ ಇರುತ್ತದೆ.